ನಾಲ್ಕು ಬೆರಳು ಸೊಟ್ಟಗಿದ್ದ ಕೋಟೆ

ಬೋರ್ಡಪ್ಪನಿಗೆ ಹುಟ್ಟಿದಾಗ ಇಟ್ಟ ಹೆಸರು ಬೇರೆ ಏನೋ ಇತ್ತು. ಅದು ಮತದಾರರ ಪಟ್ಟಿಯಲ್ಲಿ ಸುಖವಾಗಿ ಮಲಗಿತ್ತು, ಯಾರೂ ಎಬ್ಬಿಸುವ ಗೋಜಿಗೆ ಹೋಗಿರಲಿಲ್ಲ. ಹಲ್ಲಿನ ಡಾಕ್ಟರ ಬೋರ್ಡಿನ ಮೇಲಿನ ಹಲ್ಲು, ಚಪ್ಪಲಿ ಅಂಗಡಿಯ ಚಪ್ಪಲಿ, 'ಇಲ್ಲಿ ಗಾಡಿ ನಿಲ್ಲಿಸಬಾರದು' ಎಂಬ ಎಚ್ಚರಿಕೆ, ಅದರ ಕೆಳಗೇ ನಿಂತಿರುವ ಗಾಡಿಯ ನಂಬರು, ಎಲ್ಲವೂ ಅವನ ಕುಂಚದಿಂದಲೇ ಬಂದದ್ದು. ಅಕ್ಷರ ಚೆನ್ನಾಗಿತ್ತೆಂದು ಆಗದವರೂ ಒಪ್ಪುತ್ತಿದ್ದರು. ಆದರೆ ಬೋರ್ಡಪ್ಪನಿಗೆ ಅಕ್ಷರಕ್ಕಿಂತ ಹೆಚ್ಚಿನ ಹೆಮ್ಮೆ ತನ್ನ ಗೆರೆಯ ಬಗ್ಗೆ. ಸುಣ್ಣದ ಪುಡಿ ಹಚ್ಚಿದ ದಾರವನ್ನು ಎರಡು ತುದಿಗೆ ಬಿಗಿದು, ಮಧ್ಯಕ್ಕೆ ಎಳೆದು ಟಪ್ ಎಂದು ಬಿಟ್ಟರೆ ಬೀಳುವ ಆ ಗೆರೆ ನೋಡಿ, "ಇದನ್ನ ನೋಡಿ ಬೇಕಾದ್ರೆ ರಸ್ತೆಗಳೇ ತಮ್ಮನ್ನ ತಿದ್ಕೋಬಹುದು" ಎಂದು ಅವನೇ ಹೇಳಿಕೊಳ್ಳುತ್ತಿದ್ದ. ಬೇರೆಯವರು ಹೇಳಲಿ ಎಂದು ಕಾಯುವ ಸ್ವಭಾವ ಅವನದಲ್ಲ.

ಈ ಹೆಮ್ಮೆಯನ್ನು ಒಪ್ಪದ ಮನುಷ್ಯ ಪ್ರಪಂಚದಲ್ಲಿ ಒಬ್ಬನೇ ಒಬ್ಬ ಇದ್ದ. ದುರದೃಷ್ಟಕ್ಕೆ ಅವನು ಪಕ್ಕದ ಮನೆಯಲ್ಲೇ ಇದ್ದ. ಇನ್ನೂ ದೊಡ್ಡ ದುರದೃಷ್ಟವೆಂದರೆ ಅವನು ಬೋರ್ಡಪ್ಪನ ಒಡಹುಟ್ಟಿದ ಅಣ್ಣ. ಅಣ್ಣ ದರ್ಜಿ. ಕೊರಳಲ್ಲಿ ಸದಾ ಅಳತೆಯ ಟೇಪು, ಕಿವಿಯ ಮೇಲೆ ನೀಲಿ ಸೀಮೆಸುಣ್ಣ. ನಲವತ್ತು ವರ್ಷದಿಂದ ತನ್ನ ಮನೆಯ ಜಗಲಿಯ ಒಂದೇ ಮೂಲೆಯಲ್ಲಿ ಕೂತು ಊರಿನ ಮಾನ ಮುಚ್ಚುತ್ತಾ ಬಂದವನು.

ಏಳು ವರ್ಷದ ಹಿಂದೆ ಅಪ್ಪನ ಮನೆಯನ್ನು ಎರಡು ಭಾಗ ಮಾಡಿಕೊಂಡಾಗ ನಡುವಿನ ಅಂಗಳಕ್ಕೆ ಒಂದು ಗೋಡೆ ಬೇಕಾಯಿತು. ಹಿತ್ತಲಿನ ಹಳೇ ಕೊಟ್ಟಿಗೆ ಕೆಡವಿದ ಕಲ್ಲುಗಳಿದ್ದವು. ಗಾರೆ ಕೆಲಸದವನು ಬಂದ. ಗೋಡೆಗೆ ದಾರ ಕಟ್ಟಿದ್ದು ಬೋರ್ಡಪ್ಪ. ಗೋಡೆ ಸೊಂಟದೆತ್ತರಕ್ಕೆ ಬಂದಾಗ ಅಣ್ಣ ಕೊರಳಿನ ಟೇಪು ತೆಗೆದು, ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಹಿಡಿದು, "ನಾಲ್ಕು ಬೆರಳು ಸೊಟ್ಟ" ಎಂದ.

"ನನ್ನ ದಾರಾನಾ?" ಎಂದ ಬೋರ್ಡಪ್ಪ.

"ದಾರ ಪಾಪ ಏನ್ಮಾಡುತ್ತೆ. ಕಟ್ಟಿದವನ ಕಣ್ಣು ಸೊಟ್ಟ."

"ಹಂಗಾದ್ರೆ ನನ್ನ ಮದುವೆ ಅಂಗೀಲಿ ಎಡಗಡೆ ತೋಳು ಗಿಡ್ಡ ಮಾಡಿದ್ದು ಯಾರ ಕಣ್ಣು? ಫೋಟೋದಲ್ಲೆಲ್ಲ ಕೈ ಹಿಂದಕ್ಕೆ ಕಟ್ಕೊಂಡು ನಿಂತಿದೀನಿ, ಪೊಲೀಸಿನವರು ಹಿಡ್ಕೊಂಡು ಬಂದ ಹಂಗೆ."

ಅಲ್ಲಿಂದ ಮಾತಿಗೆ ಮಾತು ಬೆಳೆಯಿತು, ಗೋಡೆ ಮಾತ್ರ ಬೆಳೆಯಲಿಲ್ಲ. ಗಾರೆ ಕೆಲಸದವನು ಕರಣೆ ತೊಳೆದುಕೊಂಡು ಹೊರಟುಹೋದ. ಅಣ್ಣತಮ್ಮ ಅವತ್ತಿನಿಂದ ಮಾತು ಬಿಟ್ಟರು. ಗೋಡೆಗೆ ಪಾಚಿ ಕಟ್ಟಿತು, ಸಂದಿಯಲ್ಲಿ ಹುಲ್ಲು ಬೆಳೆಯಿತು, ಒಂದು ಕಡೆ ನಾಲ್ಕು ಕಲ್ಲು ಉರುಳಿಬಿದ್ದವು. ಏಳು ವರ್ಷಕ್ಕೇ ಅದು ಏಳುನೂರು ವರ್ಷದ ಮುಖ ಮಾಡಿಕೊಂಡು ಕೂತಿತು.

ಇಬ್ಬರ ಹೆಂಡತಿಯರಿಗೆ ಈ ಜಗಳದ ವಿಷಯ ಗೊತ್ತಿತ್ತು, ಅಷ್ಟೇ. ಅದರಲ್ಲಿ ಭಾಗವಹಿಸಲು ಅವರಿಗೆ ಪುರುಸೊತ್ತಿರಲಿಲ್ಲ. ಸೊಂಟದೆತ್ತರದ ಗೋಡೆ ಮೊಣಕೈ ಊರಿಕೊಂಡು ಮಾತಾಡಲು ಹೇಳಿ ಮಾಡಿಸಿದ ಹಾಗಿತ್ತು. ಕತ್ತರಿ, ಬೆಂಕಿಪೊಟ್ಟಣ, ತಲೆನೋವಿನ ಮಾತ್ರೆ, ಬೀದಿಯ ಸುದ್ದಿ ಎಲ್ಲವೂ ಅದರ ಮೇಲಿಂದಲೇ ಓಡಾಡುತ್ತಿದ್ದವು.

ಹೀಗೇ ನಡೆದುಹೋಗುತ್ತಿತ್ತೇನೋ. ಆದರೆ ಒಂದು ದಿನ ಕ್ಷೌರದಂಗಡಿಯವನು ಬೋರ್ಡಪ್ಪನ ಗಡ್ಡ ಹೆರೆಯುತ್ತಾ, "ನಿಮ್ಮಣ್ಣ ಹೇಳ್ತಿದ್ರು, ಆ ಗೋಡೆ ಮುಗಿಸೋ ತಾಕತ್ತು ನಿಮಗಿಲ್ವಂತೆ" ಎಂದ. ಕೊರಳ ಮೇಲೆ ಕತ್ತಿ ಇದ್ದಾಗ ಇಂಥ ಮಾತು ಹೇಳಬಾರದು. ಬೋರ್ಡಪ್ಪ ಅರ್ಧ ಗಡ್ಡದಲ್ಲೇ ಎದ್ದು ಹೋಗಿ ಗಾರೆ ಕೆಲಸದವನಿಗೆ ಹೇಳಿಬಂದ: ಬರುವ ಸೋಮವಾರ ಗೋಡೆಯನ್ನು ಆಳೆತ್ತರಕ್ಕೆ ಏರಿಸಬೇಕು. ಇಟ್ಟಿಗೆ ಬಂದು ಅಂಗಳದಲ್ಲಿ ಬಿದ್ದವು.

ಬಿದ್ದಮೇಲೆ ಅವನ ನಿದ್ದೆ ಹಾರಿಹೋಯಿತು. ಈಗಲಾದರೆ ಅಣ್ಣ ಮಾತಾಡದಿದ್ದರೂ ಕಣ್ಣಿಗಾದರೂ ಬೀಳುತ್ತಿದ್ದ. ಬೆಳಿಗ್ಗೆ ಎದ್ದರೆ ಗೋಡೆಯಾಚೆ ಆ ನರೆತ ತಲೆ, ಆ ಹೊಲಿಗೆ ಯಂತ್ರದ ಟಕಟಕ. ಗೋಡೆ ಎದ್ದರೆ ಅದೂ ಇಲ್ಲ. ಬೇಡ ಎನ್ನೋಣವೆಂದರೆ ಮುಖ ಎಲ್ಲಿಡುವುದು. ಕ್ಷೌರದಂಗಡಿಯವನು ಅಷ್ಟರಲ್ಲಿ ಸೋಮವಾರದ ವಿಷಯವನ್ನು ಮೂರು ಬೀದಿಗೆ ಹಂಚಿದ್ದ.

ಇದೇ ವಾರ ಪ್ರವಾಸೋದ್ಯಮದ ಕಚೇರಿಯವರು ಬೋರ್ಡಪ್ಪನಿಗೆ ಹನ್ನೆರಡು ಬೋರ್ಡು ಬರೆಯಲು ಕೊಟ್ಟಿದ್ದರು. ಜಿಲ್ಲೆಯಲ್ಲಿ ನೋಡುವಂಥ ಜಾಗಗಳಿಗೆಲ್ಲ ದಾರಿ ತೋರಿಸುವ ಬಾಣದ ಬೋರ್ಡುಗಳು. ಹಳೇ ಗುಡಿ, ಮೆಟ್ಟಿಲ ಬಾವಿ, ಜಲಪಾತ, ವಸ್ತು ಸಂಗ್ರಹಾಲಯ, ಹೀಗೆ. ಹನ್ನೊಂದು ಬೋರ್ಡು ಮನೆಯ ಮುಂದೆ ಒಣಗಿದವು. ಹನ್ನೆರಡನೆಯದಕ್ಕೆ ಜಾಗವಿರಲಿಲ್ಲ, ಮೋಡ ಬೇರೆ. ಬಣ್ಣ ಕೈಗೆ ಅಂಟುತ್ತಿತ್ತು. ಬೀದಿಯ ಮೂಲೆಯ ದೀಪದ ಕಂಬದ ಬಳಿ ಮಾತ್ರ ಒಂದಿಷ್ಟು ಬಿಸಿಲು ಬೀಳುತ್ತಿತ್ತು. ಬೋರ್ಡಪ್ಪ ಅದನ್ನು ಅಲ್ಲಿಗೆ ಒಯ್ದು ಕಂಬಕ್ಕೆ ಒರಗಿಸಿ ಬಂದ. ಅದರ ಮೇಲೆ ಹೀಗಿತ್ತು: 'ಪ್ರಾಚೀನ ಕೋಟೆ ಗೋಡೆಯ ಅವಶೇಷ, ೧೦೦ ಮೀಟರ್.' ಕೆಳಗೆ ಒಂದು ದಪ್ಪ ಬಾಣ.

ನಿಜವಾದ ಕೋಟೆ ಗೋಡೆ ಅಲ್ಲಿಂದ ನಾಲ್ಕು ಕಿಲೋಮೀಟರ್ ದೂರದ ಮುಳ್ಳುಪೊದೆಯಲ್ಲಿತ್ತು. ಬಾಣ ಮಾತ್ರ ನೇರವಾಗಿ ಅಣ್ಣತಮ್ಮಂದಿರ ಅಂಗಳ ತೋರಿಸುತ್ತಿತ್ತು. ನಡೆದು ಬಂದರೆ ದೂರವೂ ಸರಿಯಾಗಿ ನೂರೇ ಮೀಟರ್.

ಶುಕ್ರವಾರ ಬೆಳಿಗ್ಗೆ ಬೋರ್ಡಪ್ಪ ಕುಂಚ ತೊಳೆಯುತ್ತಿದ್ದಾಗ ಅಂಗಳಕ್ಕೆ ಒಂದು ಸಂಸಾರ ಬಂತು. ಟೋಪಿ ಹಾಕಿದ ಯಜಮಾನರು, ಅವರ ಹೆಂಡತಿ, ಕೋಲೂರಿಕೊಂಡ ತಾಯಿ. ಮೂವರೂ ನೇರವಾಗಿ ಗೋಡೆಯ ಮುಂದೆ ಹೋಗಿ ನಿಂತು ತಲೆದೂಗಿದರು.

"ಆ ಬೋರ್ಡು ನೋಡಿ ಗಾಡಿ ನಿಲ್ಸಿದ್ವಿ" ಎಂದರು ಯಜಮಾನರು. "ಎಂಥಾ ಅಕ್ಷರ. ನಾವು ಎಷ್ಟೋ ಊರು ಸುತ್ತಿದೀವಿ, ಇಂಥಾ ಬೋರ್ಡು ನೋಡಿಲ್ಲ."

'ಇದು ಕೋಟೆಯಲ್ಲ, ಹೊರಗೆ ನಡೀರಿ' ಎನ್ನಲು ಬಾಯಿ ತೆರೆದಿದ್ದ ಬೋರ್ಡಪ್ಪ, "ನಾನೇ ಬರೆದಿದ್ದು" ಎಂದುಬಿಟ್ಟ.

"ಹಾಗಾದ್ರೆ ನೀವು ಇಲಾಖೆಯವರು."

ಬೋರ್ಡಪ್ಪ ತಲೆಯನ್ನು ಒಂದು ರೀತಿ ಆಡಿಸಿದ. ಹೌದೆನ್ನುವವರಿಗೆ ಹೌದು, ಇಲ್ಲವೆನ್ನುವವರಿಗೆ ಇಲ್ಲ, ಅಂಥ ಆಡಿಸುವಿಕೆ.

"ಇದನ್ನ ಕಟ್ಟಿಸಿದ್ದು ಯಾರು?"

ಇಲ್ಲಿ ಬೋರ್ಡಪ್ಪನ ಪರವಾಗಿ ಒಂದು ಮಾತು ಹೇಳಲೇಬೇಕು. ಅವನು ಅವತ್ತು ಒಂದೇ ಒಂದು ಸುಳ್ಳು ಹೇಳಲಿಲ್ಲ.

"ಇಬ್ರು ಸೇರಿ ಕಟ್ಟಿಸಿದ್ದು. ಅಣ್ಣತಮ್ಮ."

"ಅರ್ಧಕ್ಕೇ ನಿಂತಿದೆಯಲ್ಲ?"

"ಕಟ್ತಾ ಕಟ್ತಾ ಜಗಳ ಆಯ್ತು."

"ರಾಜ್ಯಕ್ಕಾಗಿ?"

"ಗಡಿ ವಿಚಾರಕ್ಕೆ."

"ಯುದ್ಧಾನೇ ಆಗಿರ್ಬೇಕು."

"ಹೆಚ್ಚು ಕಮ್ಮಿ ಹಾಗೇ."

"ಕೊನೆಗೆ ಗೆದ್ದಿದ್ದು ಯಾರು?"

ಬೋರ್ಡಪ್ಪ ಸ್ವಲ್ಪ ಯೋಚಿಸಿದ. "ಅದು ಇನ್ನೂ ತೀರ್ಮಾನ ಆಗಿಲ್ಲ."

ಯಜಮಾನರು ಹೆಂಡತಿಯ ಕಡೆ ತಿರುಗಿ, "ನೋಡು, ವಿದ್ವಾಂಸರಲ್ಲೇ ಒಮ್ಮತ ಇಲ್ವಂತೆ" ಎಂದರು.

ಗೋಡೆಯಾಚೆ ಟಕಟಕ ಎನ್ನುತ್ತಿದ್ದ ಹೊಲಿಗೆ ಯಂತ್ರ ಥಟ್ಟನೆ ನಿಂತಿತು. ಅಣ್ಣ ಜಗಲಿಯಿಂದ ಇಳಿದು ಬಂದು, ತಮ್ಮನ ಕಡೆ ಕಣ್ಣೆತ್ತಿಯೂ ನೋಡದೆ, ಯಜಮಾನರಿಗೆ ಹೇಳಿದ: "ಸ್ವಾಮಿ, ಈ ಕಡೆಗೂ ಸ್ವಲ್ಪ ಬನ್ನಿ. ಆ ಕಡೆ ನಿಂತ್ರೆ ಇತಿಹಾಸ ಅರ್ಧಾನೇ ಕಾಣೋದು."

ಸಂಸಾರ ಸುತ್ತಿ ಬಳಸಿ ಆ ಕಡೆಗೆ ಹೋಯಿತು. ಅಣ್ಣ ಟೇಪಿನ ತುದಿಯಿಂದ ಗೋಡೆ ತೋರಿಸುತ್ತಾ ಶುರುಮಾಡಿದ. "ದೊಡ್ಡ ರಾಜ ಇದ್ದನಲ್ಲ, ಅವನು ಅಳತೆ ತಪ್ಪದ ಮನುಷ್ಯ. ಪ್ರಜೆಗಳ ಮಾನ ಮುಚ್ಚಿದವನು. ಚಿಕ್ಕವನು ಹಾಗಲ್ಲ. ಒಂದು ದಾರ ಹಿಡ್ಕೊಂಡು ನಾನೇ ಸರಿ ಅಂತ ಹೊರಟವನು. ಗೋಡೆ ಸೊಟ್ಟ ಆಯ್ತು. ದೊಡ್ಡವನು ಮೆತ್ತಗೆ ಹೇಳಿದ. ಚಿಕ್ಕವನು ಕೂಗಾಡಿದ."

ಬೋರ್ಡಪ್ಪನಿಗೆ ಮೈಯೆಲ್ಲಾ ಉರಿಯಿತು. ಆದರೆ ಅಣ್ಣನ ಜೊತೆ ಮಾತು ಬಿಟ್ಟಾಗಿದೆಯಲ್ಲ. ಕೋಲೂರಿ ಹಿಂದೆ ಉಳಿದಿದ್ದ ಅಜ್ಜಿಗೆ ಹೇಳಿದ: "ಅಮ್ಮಾ, ಅದು ಆಸ್ಥಾನದವರು ಬರೆಸಿದ ಇತಿಹಾಸ. ದೊಡ್ಡ ರಾಜ ಮೆತ್ತಗೆ ಹೇಳಿರ್ಲಿಲ್ಲ. ಇಡೀ ಬೀದಿ ಕೇಳಿಸ್ಕೊಂಡಿತ್ತು. ಅಲ್ದೆ ಅವನು ತಮ್ಮನಿಗೆ ಕೊಟ್ಟ ಉಡುಗೊರೆ ಪೋಷಾಕಿನಲ್ಲಿ ಒಂದು ತೋಳು ಗಿಡ್ಡ ಇತ್ತು. ಅದನ್ನೂ ಕೇಳಿ ಅವರನ್ನ."

ಅಜ್ಜಿ ಗೋಡೆಯ ಬಳಿಗೆ ಹೋಗಿ ಕೇಳಿದಳು. ಅಣ್ಣನ ಕಿವಿ ಕೆಂಪಾಯಿತು. "ಅಳತೆ ತಗೊಳ್ಳೋವಾಗ ಚಿಕ್ಕ ರಾಜ ಕೈ ನೆಟ್ಟಗೆ ಇಟ್ಕೋಬೇಕಿತ್ತು ಅಂತ ಹೇಳಿ" ಎಂದ. ಅಜ್ಜಿ ಈ ಕಡೆ ಬಂದು ಹೇಳಿದಳು. ಹೀಗೆ ಆಕೆ ಐದು ಸಲ ಓಡಾಡಿದಳು. ಆರನೆಯ ಸಲ ಗೋಡೆಯ ತುದಿಯಲ್ಲಿ ನಿಂತು ಸುಸ್ತಾಗಿ, "ಆಮೇಲಾದ್ರೂ ಇಬ್ರೂ ಮಾತಾಡಿದ್ರಾ?" ಎಂದು ಕೇಳಿದಳು.

"ತಮ್ಮನೇ ಬರ್ಲಿ ಅಂತ ದೊಡ್ಡವನು ಕಾದ" ಎಂದ ಅಣ್ಣ.

"ಅಣ್ಣ ಕರೀಲಿ ಅಂತ ಚಿಕ್ಕವನು ಕಾದ" ಎಂದ ಬೋರ್ಡಪ್ಪ.

"ಒಳ್ಳೆ ಪೆದ್ದು ರಾಜರು" ಎಂದು ಅಜ್ಜಿ ಗಾಡಿ ಹತ್ತಿದಳು.

ಆ ಯಜಮಾನರು ಸುಮ್ಮನೆ ಹೋಗಲಿಲ್ಲ. ಫೋನಿನ ನಕ್ಷೆಯಲ್ಲಿ ಅಂಗಳಕ್ಕೊಂದು ಗುರುತು ಚುಚ್ಚಿ, 'ಬಹಳ ಅಪರೂಪದ ಸ್ಥಳ. ಎರಡು ಕಡೆಗೂ ಒಬ್ಬೊಬ್ಬ ವಿದ್ವಾಂಸರಿದ್ದಾರೆ. ಇಬ್ಬರನ್ನೂ ಕೇಳಿ' ಎಂದು ಬರೆದು ಐದಕ್ಕೆ ನಾಲ್ಕು ಸ್ಟಾರ್ ಕೊಟ್ಟುಹೋದರು.

ಶನಿವಾರ ಬೆಳಿಗ್ಗೆ ಹತ್ತಕ್ಕೇ ಎರಡು ವ್ಯಾನು, ಒಂದು ಬಸ್ಸು ಬಂದವು. ಬಸ್ಸಿನವರು ನಿಜವಾದ ಕೋಟೆಗೂ ಹೋಗಿ ಬಂದಿದ್ದರು. "ಅಲ್ಲಿ ಮುಳ್ಳು ಬಿಟ್ರೆ ಏನಿಲ್ಲ, ಇದೇ ವಾಸಿ. ಕೂರಬಹುದು" ಎಂದು ಗೋಡೆಯ ಮೇಲೆ ಸಾಲಾಗಿ ಕೂತರು. ಕ್ಷೌರದಂಗಡಿಯವನು ಅಂಗಡಿ ಬಾಗಿಲು ಎಳೆದುಕೊಂಡು ಬಂದು, ಜನರನ್ನು ಎರಡು ಗುಂಪು ಮಾಡಿ, "ಮೊದಲು ದೊಡ್ಡ ರಾಜರ ಕಡೆ, ಆಮೇಲೆ ಚಿಕ್ಕ ರಾಜರ ಕಡೆ. ನೂಕಬೇಡಿ" ಎಂದು ಉಸ್ತುವಾರಿ ವಹಿಸಿಕೊಂಡ. ಅವನನ್ನು ಯಾರೂ ನೇಮಿಸಿರಲಿಲ್ಲ. ಆದರೂ ಅಂಥವರಿಂದಲೇ ಪ್ರಪಂಚ ನಡೆಯುವುದು.

ಮಧ್ಯಾಹ್ನ ಅಣ್ಣತಮ್ಮಂದಿರ ಸೋದರತ್ತೆ ಚೀಲ ಹಿಡಿದುಕೊಂಡು ಬಸ್ಸಿಳಿದಳು. ತನ್ನ ತವರುಮನೆ ಕೋಟೆಯಾಗಿದೆಯೆಂಬ ಸುದ್ದಿ ಅವಳ ಊರಿಗೆ ಮುಟ್ಟಿತ್ತು. ಅಂಗಳಕ್ಕೆ ಬಂದವಳೇ, "ನಾನು ಹುಟ್ಟಿದ್ದು ಈ ಮನೇಲೇ. ನೋಡಿ, ಆ ಬಾಗಿಲ ಪಕ್ಕದ ಕೋಣೇಲಿ" ಎಂದಳು. ರಾಜವಂಶದ ಹಿರಿಯ ಕೊಂಡಿ ಕಣ್ಣೆದುರು ನಿಂತಿರುವಾಗ ಕಲ್ಲನ್ನು ಯಾರು ನೋಡುತ್ತಾರೆ. ಜನ ಅವಳ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಹನ್ನೆರಡನೆಯ ಫೋಟೋದ ಹೊತ್ತಿಗೆ ಅವಳ ಕತ್ತು ತಾನಾಗಿ ಎತ್ತರವಾಗಿತ್ತು.

"ಅತ್ತೇ, ಇದು ಅಪ್ಪನ ಕೊಟ್ಟಿಗೆ ಕಲ್ಲು" ಎಂದು ಬೋರ್ಡಪ್ಪ ಮೆಲ್ಲಗೆ ಕಿವಿಯಲ್ಲಿ ಹೇಳಿದ.

"ಇರ್ಲಿ ಬಿಡೋ. ನನ್ನನ್ನ ಇಷ್ಟು ವರ್ಷದಲ್ಲಿ ಯಾರು ಕೂರಿಸಿ ಮಾತಾಡ್ಸಿದ್ರು. ಒಂದೆರಡು ದಿನ ರಾಜಕುಮಾರಿ ಆದ್ರೆ ನಿನ್ನ ಗಂಟೇನು ಹೋಗುತ್ತೆ."

ಆ ಇಡೀ ದಿನ ಅಣ್ಣತಮ್ಮ ಜನರ ಬಾಯಿಯಿಂದ ಜಗಳವಾಡಿದರು. ಏಳು ವರ್ಷ ಹೊಟ್ಟೆಯಲ್ಲಿ ಇಟ್ಟುಕೊಂಡದ್ದೆಲ್ಲ ಹೊರಗೆ ಬಂತು. ಚಿಕ್ಕ ರಾಜನಿಗೆ ಜ್ವರ ಬಂದಾಗ ದೊಡ್ಡ ರಾಜ ನೋಡಲು ಬರಲಿಲ್ಲವೆಂದು ಈ ಕಡೆಯಿಂದ ದೂರು ಹೋಯಿತು. ಬಾಗಿಲವರೆಗೂ ಬಂದಿದ್ದ, ಒಳಗೆ ನಗು ಕೇಳಿಸಿತು, ಹುಷಾರಾಗಿದ್ದಾನೆಂದು ವಾಪಸ್ ಹೋದನೆಂದು ಆ ಕಡೆಯಿಂದ ಉತ್ತರ ಬಂತು. ಇದನ್ನು ತಂದು ಮುಟ್ಟಿಸಿದ ಬಸ್ಸಿನ ಹೆಂಗಸು ಕಣ್ಣೊರೆಸಿಕೊಂಡಳು. ಮುಂದಿನ ಗುಂಪಿಗೆ ಬೋರ್ಡಪ್ಪ ಇತಿಹಾಸವನ್ನು ಬಹಳ ಮೆದುವಾಗಿ ಹೇಳಿದ.

ಸಂಜೆ ಬೋರ್ಡು ಪೂರ್ತಿ ಒಣಗಿತ್ತು. ಸೋಮವಾರ ಕಚೇರಿಗೆ ಒಪ್ಪಿಸಬೇಕು. ಬೋರ್ಡಪ್ಪ ಅದನ್ನು ಒಳಗೆ ತಂದಿಟ್ಟ. ನಕ್ಷೆ ನಂಬಿ ಬಂದವರಿಗೂ ಬೋರ್ಡಿಲ್ಲದ್ದು ಕಂಡು ಅನುಮಾನ ಬಂತೇನೋ, ಭಾನುವಾರ ಬೆಳಿಗ್ಗೆ ಅಂಗಳಕ್ಕೆ ಒಂದು ನರಪಿಳ್ಳೆಯೂ ಬರಲಿಲ್ಲ. ಹೊಲಿಗೆ ಯಂತ್ರ ಟಕಟಕ ಎಂದಿತು, ನಿಂತಿತು, ಮತ್ತೆ ಎಂದಿತು. ಅಣ್ಣ ನಾಲ್ಕು ಸಲ ಬೀದಿಯ ಕಡೆ ನೋಡಿದ. ಬೋರ್ಡಪ್ಪ ಎಣಿಸಿದ್ದ.

ಹನ್ನೊಂದು ಗಂಟೆಗೆ ಬೋರ್ಡಪ್ಪ ಬೋರ್ಡನ್ನು ಎತ್ತಿಕೊಂಡು ಹೊರಟ.

"ಒಣಗಿಲ್ವಾ ಇನ್ನೂ?" ಎಂದು ಕೇಳಿದಳು ಹೆಂಡತಿ.

"ಒಳಗೆ ಸ್ವಲ್ಪ ಹಸಿ ಇದೆ."

"ಯಾವುದರೊಳಗೆ?"

ಬೋರ್ಡಪ್ಪ ಅಷ್ಟರಲ್ಲಿ ಬೀದಿಗಿಳಿದಿದ್ದ. ಕಂಬಕ್ಕೆ ಬೋರ್ಡು ಒರಗಿಸಿ, ಯಾರಾದರೂ ಬರುತ್ತಾರೋ ನೋಡೋಣವೆಂದು ಕ್ಷೌರದಂಗಡಿಯೊಳಗೆ ಕೂತ. ಅಷ್ಟರಲ್ಲಿ ಜೋರಾಗಿ ಗಾಳಿ ಬೀಸಿ ಬೋರ್ಡು ಮಗುಚಿ ಬಿತ್ತು. ಅವನು ಎದ್ದು ಹೋಗುವಷ್ಟರಲ್ಲಿ ಬೀದಿಯ ತುದಿಯಿಂದ ಅಣ್ಣ ಬಂದ. ಹಿಂದೆ ಮುಂದೆ ನೋಡಿದ. ಬೋರ್ಡನ್ನು ಎತ್ತಿ, ಹೆಗಲ ಮೇಲಿದ್ದ ಬಟ್ಟೆಯಿಂದ ಧೂಳು ಒರೆಸಿ, ಕಂಬಕ್ಕೆ ಒರಗಿಸಿ, ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಒಂದಿಷ್ಟು ಎಡಕ್ಕೆ ತಿದ್ದಿ, ಬಂದ ಹಾಗೇ ಹೋದ.

ಬೋರ್ಡಪ್ಪ ಕನ್ನಡಿಯಲ್ಲಿ ತನ್ನ ಮುಖ ನೋಡಿಕೊಂಡ. "ಸೋಮವಾರದ ಗಾರೆ ಕೆಲಸ ಬೇಡ ಅಂದ್ರೆ ಜನ ಏನಂತಾರೆ?" ಎಂದು ಕೇಳಿದ.

"ಹೆದರಿಬಿಟ್ಟ ಅಂತಾರೆ" ಎಂದ ಕ್ಷೌರದಂಗಡಿಯವನು, ಸತ್ಯಕ್ಕೆ ಹೆಸರಾದ ಮನುಷ್ಯ.

ಸೋಮವಾರ ಬೆಳಿಗ್ಗೆ ಗಾರೆ ಕೆಲಸದವನು ಬಂದು ಸಿಮೆಂಟು ಕಲಸತೊಡಗಿದ. ಬೋರ್ಡಪ್ಪ ಬಾಗಿಲಲ್ಲಿ ನಿಂತು ಆ ಕಲಸುವ ಸದ್ದು ಕೇಳಿ ಒಳಗೊಳಗೇ ಕುಗ್ಗಿದ. ಅಣ್ಣ ಗೋಡೆಗೆ ಬೆನ್ನು ಹಾಕಿ ಹೊಲಿಯುತ್ತಿದ್ದ. ಮೊದಲ ಇಟ್ಟಿಗೆ ಗೋಡೆಯ ಮೇಲೆ ಕೂರಬೇಕು, ಅಷ್ಟರಲ್ಲಿ ಬೀದಿಯಲ್ಲಿ ಸರ್ಕಾರಿ ಜೀಪು ನಿಂತಿತು. ಕೈಯಲ್ಲಿ ಛತ್ರಿ, ಬಗಲಲ್ಲಿ ಫೈಲು, ಕಬ್ಬಿಣದ ಅಳತೆ ಪಟ್ಟಿ ಹಿಡಿದ ಹೆಂಗಸೊಬ್ಬರು ಇಳಿದು, "ಆ ಇಟ್ಟಿಗೆ ಇದ್ದಲ್ಲೇ ಇರ್ಲಿ" ಎಂದರು.

ಅವರು ಪುರಾತನ ಕಟ್ಟಡಗಳ ಸಮೀಕ್ಷೆಯ ಮೇಡಂ. ಟೋಪಿಯ ಯಜಮಾನರು ಶುಕ್ರವಾರವೇ ಫೋನಿನಿಂದ ಇಲಾಖೆಗೆ ಪತ್ರ ಕಳಿಸಿದ್ದರು: ಅಮೂಲ್ಯವಾದ ಸ್ಮಾರಕವೊಂದು ಅನಾಥವಾಗಿದೆ, ಅದರ ಮೇಲೆ ಬಟ್ಟೆ ಒಣಹಾಕುತ್ತಿದ್ದಾರೆ.

ಮೇಡಂ ಬಹಳ ಶ್ರದ್ಧೆಯ ಹೆಂಗಸು. ಕಲ್ಲನ್ನು ಮುಟ್ಟಿ ನೋಡಿದರು, ಮೂಸಿ ನೋಡಿದರು, ಗೋಡೆಯ ಉದ್ದಕ್ಕೂ ಪಟ್ಟಿ ಹಿಡಿದರು. ನಡುವೆ ಒಂದು ಕಡೆ ನಿಂತು ಹುಬ್ಬೇರಿಸಿದರು. ಇನ್ನೊಮ್ಮೆ ಅಳೆದರು.

"ಅದ್ಭುತ" ಎಂದರು. "ಇಲ್ಲಿ ನೋಡಿ, ಗೋಡೆ ನೇರವಾಗಿಲ್ಲ. ಸಣ್ಣದಾಗಿ ಬಾಗಿದೆ. ಇದು ಬೇಕಂತಲೇ ಮಾಡಿರೋದು. ಶತ್ರು ಎದುರಿಂದ ಬಂದ್ರೆ ಪೆಟ್ಟು ಜಾರಿಹೋಗಬೇಕು ಅಂತ. ನೇರವಾಗಿ ಕಟ್ಟೋದು ಯಾರಿಗಾದ್ರೂ ಬರುತ್ತೆ. ಹೀಗೆ ಬಾಗಿಸಬೇಕಾದ್ರೆ ದಾರ ಹಿಡಿದವನು ಮಹಾ ಜಾಣ ಆಗಿರ್ಬೇಕು."

ಬೀದಿಯವರೆಲ್ಲ ಬಾಗಿ ಆ ಬಾಗನ್ನು ನೋಡಿದರು. ಬೋರ್ಡಪ್ಪನಿಗೆ ನೆಲದಿಂದ ಎರಡಂಗುಲ ಮೇಲೆ ನಿಂತಂತಾಯಿತು. ಏಳು ವರ್ಷ ಅವನ ಮರ್ಯಾದೆ ತೆಗೆದಿದ್ದ ಸೊಟ್ಟಕ್ಕೆ ಈಗ ಸರ್ಕಾರವೇ ಬಂದು ಹಾರ ಹಾಕುತ್ತಿದೆ. ಓರೆಗಣ್ಣಿನಿಂದ ಅಣ್ಣನನ್ನು ನೋಡಿದ. ಅಣ್ಣ ಹೊಲಿಗೆ ನಿಲ್ಲಿಸಿ ನೆಲ ನೋಡುತ್ತಿದ್ದ.

"ವರದಿ ಆಗೋವರೆಗೂ ಇದು ರಕ್ಷಿತ ಸ್ಥಳ" ಎಂದರು ಮೇಡಂ. "ಗೋಡೆಯಿಂದ ಇಪ್ಪತ್ತು ಅಡಿ ಒಳಗೆ ಯಾರೂ ಕೆಲಸ ಮಾಡೋ ಹಾಗಿಲ್ಲ. ಗಾರೆಯೋರೇ, ನೀವು ಹೊರಡಿ. ಆ ಬಟ್ಟೆ ಹಗ್ಗ ಬಿಚ್ಚಿ. ಆ ಹೊಲಿಗೆ ಯಂತ್ರ ಯಾರದ್ದು? ಅದು ಇವತ್ತೇ ಹೋಗ್ಬೇಕು. ಅದುರಿದ್ರೆ ಕಲ್ಲು ಸಡಿಲ ಆಗುತ್ತೆ."

"ಎಲ್ಲಿಗೆ ಹೋಗ್ಬೇಕಮ್ಮಾ?" ಎಂದ ಅಣ್ಣ. "ನಲವತ್ತು ವರ್ಷದಿಂದ ಇಲ್ಲೇ ಕೂತಿದೀನಿ. ಒಳಗೆ ಬೆಳಕಿಲ್ಲ. ನನ್ನ ಕಣ್ಣಿಗೆ ಸೂಜಿ ಕಾಣಲ್ಲ."

"ಪೂರ್ತಿ ತೀರ್ಮಾನ ಆಗೋಕೆ ಎರಡು ಮೂರು ವರ್ಷ ಆಗಬಹುದು. ಅಲ್ಲಿವರೆಗೆ ಬೇರೆ ಎಲ್ಲಾದ್ರೂ ನೋಡ್ಕೊಳ್ಳಿ."

ಅಣ್ಣ ಯಂತ್ರದ ಮರದ ಮುಚ್ಚಳ ಎತ್ತಿಕೊಂಡ. ಮೂರು ಸಲ ಇಟ್ಟ, ಮೂರು ಸಲವೂ ಅದು ಓರೆಯಾಗಿ ಕೂತಿತು. ಅಂಗುಲದ ಎಂಟನೇ ಒಂದು ಭಾಗದಷ್ಟೂ ತಪ್ಪದ ಕೈ ಅದು. ಬೋರ್ಡಪ್ಪ ಅದನ್ನು ನೋಡಿದ. ಅವನ ಕಾಲು ತಾನಾಗಿ ನೆಲಕ್ಕಿಳಿಯಿತು.

"ಮೇಡಂ" ಎಂದ. "ಇದು ಕೋಟೆ ಅಲ್ಲ. ನಮ್ಮಪ್ಪನ ಕೊಟ್ಟಿಗೆ ಕಲ್ಲು. ಕಟ್ಟಿ ಏಳು ವರ್ಷ ಆಯ್ತು. ಬೋರ್ಡು ಒಣಗಲಿ ಅಂತ ನಾನೇ ಅಲ್ಲಿ ಇಟ್ಟಿದ್ದೆ."

"ಹೀಗೆ ಹೇಳೋರನ್ನ ನಾನು ಬಹಳ ನೋಡಿದೀನಿ" ಎಂದರು ಮೇಡಂ. "ಜಾಗ ಉಳಿಸ್ಕೊಳ್ಳೋಕೆ ಎಲ್ರೂ ಹೀಗೇ ಅನ್ನೋದು. ಅಷ್ಟು ನಾಜೂಕಾದ ಬಾಗು ಏಳು ವರ್ಷದ ಹಿಂದೆ ಯಾರು ಮಾಡಿದ್ರು? ಸಾಕ್ಷಿ ಏನು?"

ಬೀದಿಯೆಲ್ಲಾ ಬೋರ್ಡಪ್ಪನ ಬಾಯಿ ನೋಡಿತು. ಕ್ಷೌರದಂಗಡಿಯವನು ಇದ್ದ, ಸೋದರತ್ತೆ ಇದ್ದಳು, ಅವನ ಗೆರೆ ಹೊತ್ತ ಬೋರ್ಡುಗಳನ್ನು ಅಂಗಡಿಗೆ ತೂಗು ಹಾಕಿಕೊಂಡವರೆಲ್ಲ ಇದ್ದರು. ಮಹಾ ಜಾಣನಾಗಿ ಉಳಿಯಬೇಕೆಂದರೆ ಸುಮ್ಮನಿದ್ದರೆ ಸಾಕಿತ್ತು.

"ಅದು ಬಾಗು ಅಲ್ಲ ಮೇಡಂ, ಸೊಟ್ಟ" ಎಂದ. "ದಾರ ಕಟ್ಟಿದ್ದು ನಾನು. ನನಗೆ ಅವತ್ತೇ ಗೊತ್ತಿತ್ತು. ನಾಲ್ಕು ಬೆರಳು ಸೊಟ್ಟ ಕಟ್ಟಿದೀನಿ. ನಮ್ಮಣ್ಣ ಹೇಳಿದ್ದು ಸರಿ."

ಗಾರೆ ಕೆಲಸದವನ ಕರಣೆಯಿಂದ ಒಂದು ಮುದ್ದೆ ಸಿಮೆಂಟು ಕೆಳಗೆ ಬಿತ್ತು. ಅಣ್ಣ ಮುಚ್ಚಳವನ್ನು ಕೆಳಗಿಟ್ಟು ಎದ್ದ. ಗೋಡೆಯ ತನಕ ಬಂದ. ಕೊರಳಿನ ಟೇಪು ತೆಗೆದು ಸೊಟ್ಟದ ಮೇಲೆ ಹಿಡಿದು ಬಹಳ ಹೊತ್ತು ನೋಡಿದ.

"ನಾಲ್ಕಲ್ಲ ಕಣೋ" ಎಂದ, ನೇರವಾಗಿ ತಮ್ಮನಿಗೇ. "ಮೂರೇ ಬೆರಳು. ಅವತ್ತು ಕೋಪದಲ್ಲಿ ಒಂದು ಜಾಸ್ತಿ ಹೇಳ್ಬಿಟ್ಟೆ."

"ನಾಲ್ಕೇ ಇರ್ಲಿ ಬಿಡಣ್ಣ."

"ಇಲ್ಲದ್ದು ಯಾಕೆ. ಆ ತೋಳೂ ಅಷ್ಟೇ, ನೀನು ಕೈ ನೆಟ್ಟಗೇ ಇಟ್ಕೊಂಡಿದ್ದೆ. ಬಟ್ಟೆ ಸಾಲ್ಲಿಲ್ಲ, ಮದುವೆ ಮನೇಲಿ ಹೇಳೋಕೆ ನಾಚಿಕೆ ಆಯ್ತು."

ಅತ್ತಿಗೆ ಆ ಕಡೆಯಿಂದ, ಬೋರ್ಡಪ್ಪನ ಹೆಂಡತಿ ಈ ಕಡೆಯಿಂದ ಗೋಡೆಗೆ ಮೊಣಕೈ ಊರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಬೋರ್ಡಪ್ಪನಿಗೆ ನಗು ಬಂತು, ಜೊತೆಗೆ ಕಣ್ಣಲ್ಲಿ ನೀರೂ ಬಂತು. ಯಾವುದನ್ನು ಮೊದಲು ಒರೆಸಿಕೊಳ್ಳಬೇಕೆಂದು ತಿಳಿಯದೆ ಬಣ್ಣದ ಕೈಯಿಂದ ಮುಖವನ್ನೆಲ್ಲ ಒರೆಸಿಕೊಂಡ. ಸೋದರತ್ತೆ ಮಾತ್ರ, "ಹಾಗಾದ್ರೆ ನಾನು ರಾಜಕುಮಾರಿ ಅಲ್ವಾ?" ಎಂದು ಸಣ್ಣ ದನಿಯಲ್ಲಿ ಕೇಳಿದಳು. ಕ್ಷೌರದಂಗಡಿಯವನು ಅವಳಿಗೆ ಕುರ್ಚಿ ತಂದು ಹಾಕಿದ.

ಮೇಡಂ ಫೈಲಿನಿಂದ ಒಂದು ಫಾರಂ ತೆಗೆದರು. "ಪತ್ರ ಬಂದಿದೆ. ಸುಮ್ನೆ ವಾಪಸ್ ಹೋಗೋಕಾಗಲ್ಲ. ಸ್ಮಾರಕ ಅಲ್ಲ ಅಂತ ಎರಡೂ ಮನೆಯವರು ಒಟ್ಟಿಗೆ ಬರೆದುಕೊಡಬೇಕು. ಕಟ್ಟಿದವರು?"

"ನಾವಿಬ್ರೂ" ಎಂದ ಅಣ್ಣ.

"ಈಗಿನ ಸ್ಥಿತಿ?"

"ಕೆಡವ್ತಾ ಇದೀವಿ" ಎಂದ ಬೋರ್ಡಪ್ಪ. ಗಾರೆ ಕೆಲಸದವನು ಅಣ್ಣನ ಮುಖ ನೋಡಿದ. ಅಣ್ಣ ಹೂಂ ಎಂದು ತಲೆಯಾಡಿಸಿದ. ಕಟ್ಟಲು ಬಂದವನು ಕೆಡವುವ ಹಾರೆ ಹುಡುಕಲು ಹೋದ.

"ಕೊನೇ ಪ್ರಶ್ನೆ. ಇಲ್ಲಿ ಯುದ್ಧ ಏನಾದ್ರೂ ನಡೆದಿದೆಯಾ? ಇಬ್ರೂ ಒಂದೇ ಉತ್ತರ ಕೊಡಬೇಕು."

"ನೀನೇ ಹೇಳಣ್ಣ."

"ನೀನು ಹೇಳೋ."

"ದೊಡ್ಡವನು ನೀನು."

"ಮೊದಲು ಕೂಗಾಡಿದವನು ನೀನು."

"ಮೊದಲು ಟೇಪು ತೆಗೆದಿದ್ದು ಯಾರು?"

ಮೇಡಂ ಪೆನ್ನನ್ನು ಕಾಗದದ ಮೇಲೆ ಹಿಡಿದು, "ಈಗಲೂ ನಡೀತಾ ಇದೆ ಅಂತ ಬರೀಲಾ?" ಎಂದರು.

ಅಣ್ಣ ಉರುಳಿದ ಕಲ್ಲುಗಳ ಸಂದಿಯಿಂದ ಈ ಕಡೆಗೆ ಕಾಲಿಟ್ಟ. ಏಳು ವರ್ಷದ ಮೇಲೆ ತಮ್ಮನ ಪಕ್ಕದಲ್ಲಿ ಬಂದು ನಿಂತ.

"ಬೇಡಮ್ಮಾ, ಬರೀಬೇಡಿ. ಯುದ್ಧ ಎಲ್ಲಿ ಬಂತು" ಎಂದ. "ಅಣ್ಣತಮ್ಮ ಗೋಡೆ ಕಟ್ತಾ ಇದ್ರು. ಒಂದು ಗಳಿಗೆ ಸುಧಾರಿಸಿಕೊಳ್ಳೋಣ ಅಂತ ಅವರವರ ಮನೆ ಒಳಗೆ ಹೋದ್ರು. ಹೊರಗೆ ಬರೋದು ಸ್ವಲ್ಪ ತಡ ಆಯ್ತು."

ಮೇಡಂ ಇಬ್ಬರ ಮುಖವನ್ನೂ ಒಂದು ಕ್ಷಣ ನೋಡಿ, 'ನಡೆದಿಲ್ಲ' ಎಂದು ಬರೆದುಕೊಂಡರು.